ಓದುಗರ ಪ್ರಶ್ನೆ: ಎಮರ್ಜೆನ್ಸಿ ಬಾಗಿಲಲ್ಲಿ ಕೆಂಪೋ, ಹಸಿರೋ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕ್ಯಾಶುವಾಲ್ಟಿಗೆ (ತುರ್ತು ಚಿಕಿತ್ಸೆ ವಿಭಾಗಕ್ಕೆ) ಬಂದವರಿಗೆ ಟ್ರಯಾಜ್ ಮಾಡುವುದು, ಅಂದರೆ ತಕ್ಷಣ ನೋಡಬೇಕಾದವರಿಗೆ ಕೆಂಪು, ಸ್ವಲ್ಪ ಹೊತ್ತು ತಡೆಯಬಲ್ಲವರಿಗೆ ಹಳದಿ, ಕಾಯಬಲ್ಲವರಿಗೆ ಹಸಿರು ಅಂತ ಬಣ್ಣ ಕೊಡುವುದು ಈಗ ನಮ್ಮದೇ ಕೆಲಸ. ಹೋದ ತಿಂಗಳು ಎದೆಯುರಿ ಅಂತ ಬಂದ ಒಬ್ಬ ಅಜ್ಜಿಗೆ ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡು ಹಸಿರು ಕೊಟ್ಟು ಕೂರಿಸಿದೆ. ಮುಕ್ಕಾಲು ಗಂಟೆ ಆದ ಮೇಲೆ ಇಸಿಜಿ ತೆಗೆದರೆ ಹಾರ್ಟ್ ಅಟ್ಯಾಕ್! ಅಜ್ಜಿ ಉಳಿದರು, ಆದರೆ ನನಗೆ ನಿದ್ದೆ ಬರುತ್ತಿಲ್ಲ. ಈಗ ಹೊಸದಾಗಿ ಬಂದ ನಾಲ್ವರು ಹುಡುಗಿಯರಿಗೆ ನಾನೇ ಕಲಿಸಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಅಜ್ಜಿಯಿಂದಲೇ ಶುರು ಮಾಡಿ ಸಿಸ್ಟರ್. ನೀವು ಬಣ್ಣ ಕೊಡುವ ಮೊದಲೇ ಕಾಯಿಲೆಗೆ ಹೆಸರಿಟ್ಟುಬಿಟ್ಟಿರಿ, ಅಲ್ವಾ? ಅದು ಡಾಕ್ಟರ ಕೆಲಸ. ಇವರು ಎಷ್ಟು ಹೊತ್ತು ಕಾಯಬಲ್ಲರು, ನೀವು ನೋಡಬೇಕಾದದ್ದು ಇಷ್ಟೇ. ವಯಸ್ಸಾದವರಿಗೆ, ಹೆಂಗಸರಿಗೆ, ಶುಗರ್ ಇರುವವರಿಗೆ ಹಾರ್ಟ್ ಅಟ್ಯಾಕ್ ಆದಾಗ ಎದೆನೋವೇ ಇಲ್ಲದೆ ಬರೀ ಉರಿ, ಬೆವರು, ಸುಸ್ತು ಇರಬಹುದು. ಅಂಥವರಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಲೇಬೇಕು.

ಇನ್ನು ಉಸಿರು. ನಿಮ್ಮ ಹಳೇ ಚೀಟಿಗಳನ್ನು ತೆಗೆದು ನೋಡಿ, ಜಾಸ್ತಿ ಜನಕ್ಕೆ ನಿಮಿಷಕ್ಕೆ 18 ಇಲ್ಲವೇ 20 ಉಸಿರು ಅಂತಲೇ ಬರೆದಿದ್ದರೆ ಯಾರೂ ಎಣಿಸಿಲ್ಲ ಅಂತ ತಿಳಿಯಿರಿ. ರೋಗಿಯ ಸ್ಥಿತಿ ಕೆಡುವಾಗ ಬಿಪಿ ಬೀಳುವುದಕ್ಕೆ ಎಷ್ಟೋ ಮೊದಲೇ ಉಸಿರಿನ ವೇಗ ಹೆಚ್ಚಿರುತ್ತದೆ. ಮೊದಲ ದಿನ ಹುಡುಗಿಯರಿಗೆ ಬೇರೇನೂ ಕಲಿಸಬೇಡಿ. ನಾಡಿ ಹಿಡಿದವರ ಹಾಗೆ ಕೈ ಹಿಡಿದು, ಎದೆ ಏರಿಳಿಯುವುದನ್ನು ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಲಿ. ಉಸಿರು ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ರೋಗಿ ಉಸಿರಾಡುವ ರೀತಿಯೇ ಬದಲಾಗುತ್ತದೆ, ಅದಕ್ಕೇ ಈ ನಾಡಿಯ ನೆಪ.

ಆಮೇಲೆ ನಮ್ಮ ಕಡೆಯ ಕೇಸುಗಳು. ರಾತ್ರಿ ನೆಲದ ಮೇಲೆ ಮಲಗಿದ್ದ ಹುಡುಗ ಬೆಳಗಿನ ಜಾವ ಹೊಟ್ಟೆನೋವು ಅಂತ ಬರುತ್ತಾನೆ, ಮೈಮೇಲೆ ಗಾಯವಿಲ್ಲ, ಊತವಿಲ್ಲ. ಕಟ್ಟುಹಾವು ಕಚ್ಚಿದರೆ ಹಲ್ಲಿನ ಗುರುತೂ ಕಾಣದಿರಬಹುದು. ಅವನ ರೆಪ್ಪೆ ನೋಡಿ, ತಲೆ ಎತ್ತು ಅನ್ನಿ. ರೆಪ್ಪೆ ಜೋಲಿದ್ದರೆ, ಇಲ್ಲವೇ ತಲೆ ಎತ್ತಲಾಗದಿದ್ದರೆ ಕೆಂಪು, ಮಾತೇ ಇಲ್ಲ. ಏನೂ ಕಾಣದಿದ್ದರೂ ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾನೆ ಅಂತ ಬರೆದಿಟ್ಟುಕೊಂಡು ಸ್ವಲ್ಪ ಹೊತ್ತಿಗೆ ಮತ್ತೆ ಎಣಿಸಿಸಿ. ಸಂಖ್ಯೆ ಇಳಿಯಿತಾ, ಡಾಕ್ಟರ ಹತ್ತಿರ ಓಡಿ. ಹತ್ತಿಗೋ ಭತ್ತಕ್ಕೋ ಔಷಧಿ ಹೊಡೆದು ವಾಂತಿ ಅಂತ ಬಂದವರ ಕಣ್ಣಿಗೆ ಟಾರ್ಚ್ ಬಿಡಿ. ಪಾಪೆ ಸೂಜಿಮೊನೆಯಷ್ಟಿದ್ದು, ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ ಅದೂ ಕೆಂಪೇ.

ಕಲಿಸುವ ರೀತಿ ಹೇಳುತ್ತೇನೆ. ಹೆಸರು ತೆಗೆದ 20 ಹಳೇ ಕೇಸ್ ಶೀಟ್ ಇಟ್ಟುಕೊಳ್ಳಿ. ಒಬ್ಬೊಬ್ಬರೂ ಬೇರೆ ಬೇರೆ ಕೂತು ಬಣ್ಣ, ಕಾರಣ ಎರಡನ್ನೂ ಬರೆಯಲಿ, ಆಮೇಲೆ ಮಾತಾಡಿ. ಮೊದಲೇ ಬಾಯಿಬಿಟ್ಟು ಹೇಳಿಸಿದರೆ ಎಲ್ಲರೂ ಸೀನಿಯರ್ ಮುಖ ನೋಡಿ ಉತ್ತರ ಹೇಳುತ್ತಾರೆ, ಇದನ್ನು ನಾನು ಬಳ್ಳಾರಿಯಲ್ಲಿ ಪಾಠ ಹೇಳುವಾಗ ಎಷ್ಟೋ ಸಲ ನೋಡಿದ್ದೇನೆ. ಎರಡು ವಾರ ಬಿಟ್ಟು ಅದೇ ಶೀಟ್‌ಗಳನ್ನು ಕಲಸಿ ಮತ್ತೆ ಕೊಡಿ. ಅದೇ ರೋಗಿಗೆ ಅದೇ ಹುಡುಗಿ ಬೇರೆ ಬಣ್ಣ ಕೊಟ್ಟರೆ ಬೈಯಬೇಡಿ, ಯಾಕೆ ಅಂತ ಕೇಳಿ. ದಿನಾ ಡ್ಯೂಟಿ ಮುಗಿಯುವಾಗ ಅವತ್ತು ನೀವು ಬಣ್ಣ ಕೊಟ್ಟವರಲ್ಲಿ ಐದು ರೋಗಿಗಳು ಕೊನೆಗೆ ಎಲ್ಲಿಗೆ ಹೋದರು ಅಂತಲೂ ನೋಡಿ. ಹಸಿರಿನವರು ಐಸಿಯುಗೆ ಹೋದರಾ? ಕೆಂಪಿನವರು ಮನೆಗೆ ಹೋದರಾ? ಮೊದಲನೆಯದು ಜೀವಕ್ಕೇ ಅಪಾಯ. ಹಾಗಂತ ಭಯಪಟ್ಟು ಎಲ್ಲರಿಗೂ ಕೆಂಪು ಕೊಟ್ಟರೆ ನಿಜವಾದ ಕೆಂಪಿನವರಿಗೆ ಬೆಡ್ ಸಿಗುವುದಿಲ್ಲ.

ಪ್ರಶ್ನೆ: "ನಾವು ಮೊದಲು ಬಂದಿದ್ದು" ಅಂತ ಜನ ಜಗಳಕ್ಕೇ ಬರುತ್ತಾರೆ. ಏನು ಹೇಳುವುದು? (ಕೊಪ್ಪಳದಿಂದ ಒಬ್ಬ ನರ್ಸ್)

ಉತ್ತರ: ಸುಮ್ನೆ "ಕಾಯಿರಿ" ಅನ್ನಬೇಡಿ. "ಉಸಿರು, ಬಿಪಿ ನೋಡಿದ್ದೇನೆ, ಈಗ ಸರಿಯಿದೆ, ಅರ್ಧ ಗಂಟೆಗೆ ನಾನೇ ಬಂದು ಮತ್ತೆ ನೋಡುತ್ತೇನೆ, ಅಷ್ಟರೊಳಗೆ ದಮ್ಮು, ಬೆವರು, ಮಂಪರು ಕಂಡರೆ ತಕ್ಷಣ ಕರೆಯಿರಿ" ಅನ್ನಿ. ಮತ್ತೆ ಹೇಳಿದ ಹೊತ್ತಿಗೆ ಹೋಗಿ ನೋಡಿ.