ಮಂಡಿಯ ಬಾಗು, ಪಾದದ ವಾಲು: ಮಂಡ್ಯದ ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

‘ಪಾದ ಸರಿಪಡಿಸಿ, ಮಂಡಿ ಉಳಿಸಿ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ವರ್ಷಗಟ್ಟಲೆ ನಾಟಿ ಕೆಲಸ ಮಾಡಿದ ನಿಮ್ಮ ದೊಡ್ಡಮ್ಮನವರ ಮಂಡಿ ಸವೆದಿದೆ, ಅವರ ಪಾದ ಚಪ್ಪಟೆಯಾಗಿದೆ, ಆದ್ದರಿಂದ ಚಪ್ಪಟೆ ಪಾದವೇ ಮಂಡಿ ಸವೆತಕ್ಕೆ ಕಾರಣ ಎಂಬುದು ನಿಮ್ಮ ವಾದ. ಈ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ಒಂದೇ ಸಾಲಿನಲ್ಲಿ ಹಿಂತಿರುಗಿಸಲು ಮನಸ್ಸು ಬರಲಿಲ್ಲ, ಏಕೆಂದರೆ ನೀವು ಕಂಡದ್ದು ನಿಜ. ಅದರಿಂದ ತೆಗೆದ ತೀರ್ಮಾನ ಮಾತ್ರ ಆತುರದ್ದು.

ಮಂಡಿಯ ಒಳಬದಿ ಸವೆದವರ ಪಾದಗಳು ಇತರರ ಪಾದಗಳಿಗಿಂತ ಹೆಚ್ಚು ಒಳಕ್ಕೆ ವಾಲಿರುತ್ತವೆ ಎಂಬುದನ್ನು 2010ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರೂ ವರದಿ ಮಾಡಿದ್ದಾರೆ. ಆದರೆ ಅವರು ಅಳೆದದ್ದು ಒಂದೇ ಹೊತ್ತಿನಲ್ಲಿ, ಸವೆತ ಆದ ಮೇಲೆ. ಮೊದಲು ಕೆಟ್ಟದ್ದು ಪಾದವೋ ಮಂಡಿಯೋ ಎಂಬುದನ್ನು ಅಂಥ ಅಳತೆ ಹೇಳಲಾರದು. ನಿಮ್ಮ ಲೇಖನದಲ್ಲಿ ಈ ಪ್ರಶ್ನೆ ಎಲ್ಲಿಯೂ ಏಳುವುದಿಲ್ಲ.

ಸೊಂಟದ ಕೀಲಿನ ನಡುವಿನಿಂದ ಪಾದದ ಕೀಲಿನ ನಡುವಿಗೆ ಗೆರೆ ಎಳೆದರೆ ನೇರ ಕಾಲಿನಲ್ಲಿ ಅದು ಹೆಚ್ಚುಕಡಿಮೆ ಮಂಡಿಯ ಮಧ್ಯದಲ್ಲಿ ಹಾದುಹೋಗುತ್ತದೆ. ಮಂಡಿಗಳು ಹೊರಕ್ಕೆ ಬಾಗಿದ ಬಿಲ್ಲುಗಾಲಿನಲ್ಲಿ ಆ ಗೆರೆ ಮಂಡಿಯ ಒಳಬದಿಗೆ ಸರಿಯುತ್ತದೆ. ನೇರ ಕಾಲಿನಲ್ಲಿಯೇ, ನಡೆಯುವಾಗ ಮಂಡಿಯ ಭಾರದಲ್ಲಿ ಸುಮಾರು ಶೇ 60ರಿಂದ 70ರಷ್ಟನ್ನು ಒಳಬದಿ ಹೊರುತ್ತದೆ. ಕಾಲು ಬಾಗಿದಂತೆ ಆ ಹೊರೆ ಏರುತ್ತದೆ, ಹೊರೆ ಏರಿದಂತೆ ಕೀಲಿನೊಳಗೆ ಮೂಳೆಯ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿ ಸವೆಯುತ್ತದೆ, ಸವೆದಷ್ಟೂ ಕಾಲು ಇನ್ನಷ್ಟು ಬಾಗುತ್ತದೆ. ಮಂಡಿ ಸವೆತ ಇದ್ದವರನ್ನು 18 ತಿಂಗಳು ಗಮನಿಸಿ ಅಮೆರಿಕದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಲ್ಲುಗಾಲಿನವರಲ್ಲಿ ಒಳಬದಿಯ ಸವೆತ ಮುಂದುವರಿಯುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ನಿಮ್ಮ ದೊಡ್ಡಮ್ಮನವರ ಕಾಲು ನೇರವಿದೆಯೋ ಬಾಗಿದೆಯೋ ಎಂದು ಹನ್ನೊಂದು ಪುಟಗಳಲ್ಲಿ ಒಮ್ಮೆಯೂ ಹೇಳಿಲ್ಲ. ಇದೇ ಲೇಖನದ ದೊಡ್ಡ ಕೊರತೆ.

ಬರಿಗಾಲಲ್ಲಿ ನಿಂತು ಒಂದು ಮಂಡಿಯನ್ನು ಹೊರಕ್ಕೆ ವಾಲಿಸಿ ನೋಡಿ. ಹೆಬ್ಬೆರಳ ಬದಿ ನೆಲ ಬಿಟ್ಟು ಏಳುತ್ತದೆ, ಭಾರವೆಲ್ಲ ಪಾದದ ಹೊರ ಅಂಚಿಗೆ ಹೋಗುತ್ತದೆ. ಈಗ ಮಂಡಿಯನ್ನು ಹಾಗೆಯೇ ಇಟ್ಟು ಹೆಬ್ಬೆರಳನ್ನು ನೆಲಕ್ಕೆ ಒತ್ತಿ. ಹಿಮ್ಮಡಿಯ ಮೇಲಿನ ಕೀಲು ಒಳಕ್ಕೆ ಹೊರಳುವುದು, ಪಾದದ ಕಮಾನು ತಗ್ಗುವುದು ನಿಮಗೇ ತಿಳಿಯುತ್ತದೆ. ಈ ಉತ್ತರ ಬರೆಯುವ ಮೊದಲು ಮೈಸೂರಿನ ನಮ್ಮ ಕಚೇರಿಯಲ್ಲಿ ನಾನೂ ಹೀಗೆ ನಿಂತು ನೋಡಿದೆ. ಬಾಗಿದ ಕಾಲಿನ ಪಾದ ನೆಲಕ್ಕೆ ಪೂರ್ತಿ ಊರಲು ಒಳಕ್ಕೆ ವಾಲಿರಬಹುದು, ಅಂದರೆ ನೀವು ಕಾರಣವೆಂದು ಕರೆದದ್ದು ಪರಿಣಾಮವೇ ಆಗಿರಬಹುದು.

ಇದು ಬರೀ ತರ್ಕದ ಮಾತಲ್ಲ. ಪಾದದ ಒಳ ಅಂಚನ್ನು ಎತ್ತುವ ಮೆತ್ತೆಯನ್ನು ಚಪ್ಪಲಿಯೊಳಗೆ ಹಾಕಿಕೊಳ್ಳಿ ಎಂದು ಓದುಗರಿಗೆ ನೀವು ಸಲಹೆ ಕೊಟ್ಟಿದ್ದೀರಿ. ಬಿಲ್ಲುಗಾಲಿನವರಲ್ಲಿ ಅದು ಮಂಡಿಯ ಒಳಬದಿಯ ಹೊರೆಯನ್ನು ಹೆಚ್ಚಿಸಲೂಬಹುದು. ಹೊರ ಅಂಚನ್ನು ಎತ್ತುವ ಮೆತ್ತೆ ಆ ಹೊರೆಯನ್ನು ತುಸು ತಗ್ಗಿಸುತ್ತದಾದರೂ ನೋವು ಅದಕ್ಕೆ ತಕ್ಕಂತೆ ಇಳಿಯುವುದು ಪರೀಕ್ಷೆಗಳಲ್ಲಿ ಖಚಿತವಾಗಿ ಕಂಡಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಘದ 2019ರ ಮಾರ್ಗಸೂಚಿ ಎರಡೂ ಬಗೆಯ ಓರೆ ಮೆತ್ತೆಗಳನ್ನು ಸಾಮಾನ್ಯವಾಗಿ ಬಳಸಬೇಡಿ ಎನ್ನುತ್ತದೆ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮತ್ತು ತೂಕ ಇಳಿಕೆಗೆ ಇದಕ್ಕಿಂತ ಗಟ್ಟಿ ಆಧಾರವಿದೆ. ಕೂಲಿಯ ದುಡ್ಡಿನಲ್ಲಿ ಮೆತ್ತೆ ಕೊಳ್ಳುವವರು ನಮ್ಮ ಓದುಗರಲ್ಲಿದ್ದಾರೆ. ಆ ಪ್ಯಾರಾ ಬೇಡವೇ ಬೇಡ.

ಚಪ್ಪಲಿಯ ಹಿಮ್ಮಡಿ ಹೊರಬದಿಗೆ ಸವೆದಿದೆ ಎಂಬ ಸಾಕ್ಷಿಯನ್ನೂ ಬಿಡಿ. ಬಹುತೇಕ ಎಲ್ಲರ ಚಪ್ಪಲಿಯೂ ಅಲ್ಲಿಯೇ ಸವೆಯುತ್ತದೆ. ‘ಜಾನುಸಂಧಿ’ ಎಂಬ ಪದವೂ ಬೇಡ, ನಮ್ಮ ಕಡೆ ಎಲ್ಲರೂ ಮಂಡಿ ಎನ್ನುತ್ತಾರೆ.

ಏಳನೆಯ ಪುಟದಲ್ಲಿ, ಗದ್ದೆಯಿಂದ ಬಂದು ಕಾಲು ತೊಳೆದ ದೊಡ್ಡಮ್ಮನವರ ಒದ್ದೆ ಹೆಜ್ಜೆಗಳು ಜಗುಲಿಯ ಕೆಂಪು ನೆಲದ ಮೇಲೆ ನಡುವೆ ಎಲ್ಲೂ ಕಿರಿದಾಗದೆ ಪೂರ್ತಿ ಮೂಡಿದ್ದವೆಂದು ಬರೆದಿದ್ದೀರಿ. ಲೇಖನ ಅಲ್ಲಿಂದಲೇ ಆರಂಭವಾಗಲಿ. ಆ ಹೆಜ್ಜೆಯಿಂದ ಮಂಡಿಯ ಕಡೆಗೆ ಬನ್ನಿ: ಅವರು ನೇರವಾಗಿ ನಿಂತಾಗ ಎರಡು ಮಂಡಿಗಳ ನಡುವೆ ಎಷ್ಟು ಬೆರಳಿನ ಸಂದು ಉಳಿಯುತ್ತದೆ, ನೋವು ಮಂಡಿಯ ಯಾವ ಬದಿಗೆ, ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ವೈದ್ಯರು ಏನು ಕಂಡರು ಎಂಬುದನ್ನು ಅವರ ಒಪ್ಪಿಗೆ ಪಡೆದು ಬರೆಯಿರಿ. ಆರು ಪುಟ ಸಾಕು. ಮುಂದಿನ ತಿಂಗಳ 10ರೊಳಗೆ ಕಳುಹಿಸಿದರೆ ನಾನೇ ಓದಿ ಉತ್ತರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ