ನಿಮ್ಮ ಯೂಟಾ ಲೇಖನದ ಬಗ್ಗೆ

ನಮಸ್ಕಾರ,

ಮಾರ್ಮನ್ನರು (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರು) ಅಮೆರಿಕದ ಪಶ್ಚಿಮದ ಯೂಟಾಗೆ ರಾಜ್ಯದ ಸ್ಥಾನ ಪಡೆದ ಬಗ್ಗೆ ನೀವು ಬರೆದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ವಿಷಯ ತುಂಬ ಹಿಡಿಸಿದೆ, ಬಿಡಲು ಮನಸ್ಸಿಲ್ಲ.

ಮೊದಲ ಎರಡು ಪುಟ ಚೆನ್ನಾಗಿವೆ. 1847ರಲ್ಲಿ ಮಾರ್ಮನ್ ಮುಖಂಡ ಬ್ರಿಗಮ್ ಯಂಗ್ ತಮ್ಮ ಜನರನ್ನು ಸಾಲ್ಟ್ ಲೇಕ್ ಕಣಿವೆಗೆ ಕರೆತಂದಿದ್ದು, 1849ರಲ್ಲಿ ಡೆಸೆರೆಟ್ ಎಂಬ ಭಾರೀ ರಾಜ್ಯ ಕೇಳಿದ್ದು, ಮರುವರ್ಷ ಅಮೆರಿಕದ ಸಂಸತ್ತು ಅದನ್ನು ಮೊಟಕು ಮಾಡಿ ರಾಜ್ಯಕ್ಕಿಂತ ಕೆಳಗಿನ, ಕೇಂದ್ರದ ಹಿಡಿತದಲ್ಲಿರುವ ಬರೀ ಪ್ರಾಂತ್ಯದ ಸ್ಥಾನ ಕೊಟ್ಟಿದ್ದು, ಎಲ್ಲ ಸಲೀಸಾಗಿ ಓದಿಸಿಕೊಳ್ಳುತ್ತದೆ. 'ಯಾರೂ ಇಲ್ಲದ ಮರುಭೂಮಿ' ಎಂಬ ಮಾತು ಮಾತ್ರ ತೆಗೆದುಬಿಡಿ. ಯೂಟ್, ಶೋಶೋನಿ, ಪಯೂಟ್ ಜನ ಅಲ್ಲಿ ಮೊದಲಿನಿಂದಲೂ ಇದ್ದರು.

ತೊಂದರೆ ಮೂರನೇ ಪುಟದಿಂದ ಶುರು. 'ಬಹುಪತ್ನಿತ್ವ ಬಿಟ್ಟರು, ರಾಜ್ಯ ಸಿಕ್ಕಿತು' ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಚರ್ಚಿನ ಅಧ್ಯಕ್ಷ ವಿಲ್ಫರ್ಡ್ ವುಡ್‌ರಫ್ ಬಹುಪತ್ನಿತ್ವ ಬಿಡುವ ಪ್ರಕಟಣೆ ಹೊರಡಿಸಿದ್ದು 1890ರಲ್ಲಿ. ರಾಜ್ಯವಾಗಿದ್ದು 1896ರ ಜನವರಿ 4ರಂದು. ನಡುವಿನ ಅಷ್ಟು ವರ್ಷ ಎಲ್ಲಿ ಹೋದವು? ವಾಷಿಂಗ್ಟನ್ನಿಗೆ ಮದುವೆಯದ್ದಷ್ಟೇ ಚಿಂತೆಯಲ್ಲ. ಚರ್ಚು ಹೇಳಿದ ಕಡೆಗೆ ಊರಿಗೆ ಊರೇ ವೋಟು ಹಾಕುತ್ತದೆ ಎಂಬ ಭಯವೂ ಇತ್ತು. ಅದಕ್ಕೇ 1891ರಲ್ಲಿ ಮಾರ್ಮನ್ನರು ತಮ್ಮ ಪೀಪಲ್ಸ್ ಪಾರ್ಟಿಯನ್ನು ಮುಚ್ಚಿ, ರಿಪಬ್ಲಿಕನ್, ಡೆಮಾಕ್ರಟ್ ಎಂದು ಹಂಚಿಹೋದರು. ಬಿಷಪ್ ಒಬ್ಬರು ಪ್ರಾರ್ಥನೆ ಮುಗಿದ ಮೇಲೆ, 'ಈ ಸಾಲಿನ ಬೆಂಚಿನವರು ಒಂದು ಪಕ್ಷ, ಆ ಸಾಲಿನವರು ಇನ್ನೊಂದು' ಎಂದರಂತೆ. ಇದು ಜನ ಹೇಳಿಕೊಂಡು ಬಂದ ಕಥೆ. ಕಥೆ ಎಂದೇ ಹೇಳಿ, ಆದರೆ ಬಿಡಬೇಡಿ.

ನನಗೆ ಜಾಸ್ತಿ ಬೇಸರವಾದದ್ದು ಬೇರೆಯದಕ್ಕೆ. ಲೇಖನದ ತುಂಬ 'ಹೆಂಡತಿಯರು' ಇದ್ದಾರೆ, ಒಬ್ಬ ಹೆಂಗಸೂ ಕಾಣುವುದಿಲ್ಲ. ಯೂಟಾ ಹೆಂಗಸರಿಗೆ ವೋಟು ಬಂದದ್ದು 1870ರಲ್ಲೇ. ಅದೇ ಫೆಬ್ರವರಿಯಲ್ಲಿ ಸೆರಾಫ್ ಯಂಗ್ ಎಂಬ ಶಾಲಾ ಶಿಕ್ಷಕಿ ಸಾಲ್ಟ್ ಲೇಕ್ ನಗರದ ಚುನಾವಣೆಯಲ್ಲಿ ವೋಟು ಹಾಕಿದರು. ವೋಟು ಸಿಕ್ಕರೆ ಹೆಂಗಸರೇ ಬಹುಪತ್ನಿತ್ವವನ್ನು ಕಿತ್ತೆಸೆಯುತ್ತಾರೆ ಎಂದು ಹೊರಗಿನ ಕೆಲವರು ನಂಬಿದ್ದರು. ಹಾಗಾಗಲಿಲ್ಲ. ಬಹುಪತ್ನಿತ್ವದ ವಿರುದ್ಧ ಅಮೆರಿಕದ ಸಂಸತ್ತು ತಂದ 1887ರ ಎಡ್ಮಂಡ್ಸ್–ಟಕರ್ ಕಾಯ್ದೆ ಚರ್ಚಿನ ಆಸ್ತಿಗೆ ಕೈ ಹಾಕಿದ್ದನ್ನು ನೀವು ಬರೆದಿದ್ದೀರಿ. ಅದೇ ಕಾಯ್ದೆ ಯೂಟಾದ ಎಲ್ಲ ಹೆಂಗಸರ ವೋಟನ್ನೂ ಕಿತ್ತುಕೊಂಡಿತು, ಮಾರ್ಮನ್ ಅಲ್ಲದವರದ್ದೂ ಸೇರಿ. ಇದು ನಿಮ್ಮಲ್ಲಿ ಇಲ್ಲವೇ ಇಲ್ಲ. ಬಹುಪತ್ನಿತ್ವಕ್ಕಾಗಿ ಹಿಡಿಯುವ ಪೊಲೀಸರ ಭಯಕ್ಕೆ ಗಂಡಸರು ತಲೆಮರೆಸಿಕೊಂಡಾಗ, ಅಪ್ಪನ ಹೆಸರು ಹೇಳಬೇಡಿ ಎಂದು ಮಕ್ಕಳಿಗೆ ಕಲಿಸಿದ ತಾಯಂದಿರಿದ್ದರು. ಅವರಿಲ್ಲದೆ ಈ ಕಥೆ ಹೇಳುವುದು ಹೇಗೆ?

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. 'ಮುಗ್ಧ ಸಮುದಾಯದ ಮೇಲೆ ಸರ್ಕಾರದ ದೌರ್ಜನ್ಯ' ಎಂದು ಬರೆದಿದ್ದೀರಿ. ದೌರ್ಜನ್ಯ ನಡೆದದ್ದು ನಿಜ. ಹಾಗೆಯೇ 1857ರಲ್ಲಿ ಯೂಟಾದ ಮೌಂಟನ್ ಮೆಡೋಸ್‌ನಲ್ಲಿ ಮಾರ್ಮನ್ ಪಡೆಯವರು ಸುಮಾರು 120 ಮಂದಿ ವಲಸಿಗರನ್ನು ಕೊಂದದ್ದೂ ನಿಜ. ಅದನ್ನು ಸುಮ್ನೆ ದಾಟಿ ಹೋದರೆ ಓದುಗರು ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಸೆರಾಫ್ ಯಂಗ್ ವೋಟು ಹಾಕಿದ ದಿನದಿಂದ ಲೇಖನ ಶುರು ಮಾಡಿ ನೋಡಿ. ಯೂಟಾಗೆ ಸಂವಿಧಾನ ಬರೆದ 1895ರ ಸಭೆಗೆ ಕಡೇ ಪಕ್ಷ ಒಂದು ಪುಟ ಕೊಡಿ. ಹೆಂಗಸರ ವೋಟು ಸೇರಿಸಿದರೆ ರಾಜ್ಯವೇ ಕೈತಪ್ಪೀತು ಎಂದು ಬಿ. ಎಚ್. ರಾಬರ್ಟ್ಸ್ ಅಲ್ಲಿ ವಾದ ಮಾಡಿದರು. ಅವರೂ ಮಾರ್ಮನ್ ಮುಖಂಡರೇ. ಸಭೆ ಅವರ ಮಾತು ಕೇಳಲಿಲ್ಲ. ವೋಟು ಸಂವಿಧಾನದಲ್ಲೇ ಸೇರಿತು, ರಾಜ್ಯವೂ ಸಿಕ್ಕಿತು. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ