ಮ್ಯಾನೇಜರ್ ನಿರ್ಧಾರ ತೆಗೆದುಕೊಳ್ಳುವ ರೀತಿಗೂ ಕಾಫಿ ತೋಟದ ಲಾಭಕ್ಕೂ ಸಂಬಂಧ ಇದೆಯೇ?

ಖಂಡಿತ ಇದೆ. ತಡವಾದರೆ ಎಷ್ಟು ನಷ್ಟ ಎಂದು ನೋಡಿ, ಒಬ್ಬರೇ ನಿರ್ಧರಿಸಬೇಕೋ ಕೇಳಿ ನಿರ್ಧರಿಸಬೇಕೋ ಎಂದು ತಿಳಿದವರ ತೋಟ ಲಾಭದಲ್ಲಿರುತ್ತದೆ.

ಕೊಡಗಿನ ರೊಬಸ್ಟಾ ಕಾಫಿಗೆ ಫೆಬ್ರವರಿ-ಮಾರ್ಚ್‌ನಲ್ಲಿ ಒಂದು ಇಂಚಾದರೂ ಹೂಮಳೆ (ಮೊಗ್ಗು ಅರಳಿಸುವ ಮಳೆ) ಬೇಕು. 30 ಸೆಂಟ್ ಮಾತ್ರ (100 ಸೆಂಟ್ ಅಂದರೆ ಒಂದು ಇಂಚು) ಬಿದ್ದರೆ ಮೊಗ್ಗು ಅರೆಬರೆ ಅರಳುತ್ತದೆ, ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಕೂಡಲೇ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕು. ಮಾಲೀಕರ ಒಪ್ಪಿಗೆಗೆಂದು ನಾಲ್ಕು ದಿನ ಕಾದರೆ ಮುಂದಿನ ಫಸಲೇ ಕೈತಪ್ಪುತ್ತದೆ. ಅದರ ಮುಂದೆ ಪಂಪಿನ ಡೀಸೆಲ್ ಖರ್ಚು ಏನೇನೂ ಅಲ್ಲ.

ಮಾರಾಟಕ್ಕೆ ಆ ಅವಸರ ಬೇಡ. ಚೆನ್ನಾಗಿ ಒಣಗಿದ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಗೋದಾಮಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಸಾಲದ ಕಂತು, ಕೂಲಿ ಬಟವಾಡೆ ಯಾವಾಗ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಜೊತೆ ಕೂತು ಲೆಕ್ಕ ಹಾಕಿ, ಸ್ವಲ್ಪ ಸ್ವಲ್ಪವಾಗಿ ಮಾರಿ.